ಉಳ್ಳಾಲದ ಅಬ್ಬಕ್ಕದೇವಿ: ಅರ್ಥವಾದವೂ ವಸ್ತುಸ್ಥಿತಿಯೂ

ಕುಮಾರ ಪಾರ್ಕಿನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿರುವ ಕುಟುಂಬವೊಂದರ ಹುಡುಗಿ, ಪ್ರೌಢಶಾಲೆಯಲ್ಲಿ ಓದುತ್ತಿರುವವಳು, ಈಚೆಗೆ ಒಂದು ಸಂಜೆ ಕೈಬರಹದ ನಾಟಕವೊಂದನ್ನು ನನ್ನ ಬಳಿಗೆ ತಂದಳು. ಶಾಲೆಯ ವಾರ್ಷಿಕೋತ್ಸವಕ್ಕಾಗಿ ಅವಳೂ ಅವಳ ಗೆಳತಿಯರೂ ಕಲೆತು ಬರೆದುದಂತೆ. "ತಾತ, ಬರೀ ಕಾಗುಣಿತ ತಿದ್ದಿಕೊಡಿ, ಸಾಕು" ಎಂದಳು. ಬಹುಕಾಲ ಪಾಠ ಹೇಳಿದ ಕೈಗೆ ಕಾಗುಣಿತವನ್ನು ಮಾತ್ರ ತಿದ್ದಿ ಸುಮ್ಮನಿರುವ ಅಭ್ಯಾಸವಿಲ್ಲವೆಂಬುದು ಪಾಪ, ಅವಳಿಗೆ ತಿಳಿಯದು.

ನಾಟಕವು ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕುರಿತದ್ದು, ಐದು ಅಂಕಗಳು. ಮೊದಲನೆಯದರಲ್ಲಿ ಮಂಗಳೂರಿನ ಬಂಗರಸನೊಡನೆ ರಾಣಿಯ ವಿವಾಹ ಮತ್ತು ವಿರಸ. ಎರಡನೆಯದರಲ್ಲಿ ಪೋರ್ತುಗೀಸರು ಕಪ್ಪ ಕೇಳುವುದು, ರಾಣಿಯು ಕೊಡೆನೆನ್ನುವುದು. ಮೂರನೆಯದರಲ್ಲಿ 1568ರ ಯುದ್ಧ, ರಾತ್ರಿಯ ಕತ್ತಲೆಯಲ್ಲಿ ಬೆಂಕಿಯ ಬಾಣಗಳು, ಉರಿಯುವ ಹಡಗುಗಳು. ನಾಲ್ಕನೆಯ ಅಂಕದಲ್ಲಿ ಇಟಲಿ ದೇಶದ ಯಾತ್ರಿಕನೊಬ್ಬನು ರಾಣಿಯ ಒಡ್ಡೋಲಗಕ್ಕೆ ಬಂದು, ಆಕೆಯ ಕಿರೀಟದ ಕಾಂತಿಗೆ ಬೆರಗಾಗಿ ಹೊಗಳುತ್ತಾನೆ. ಐದನೆಯದು ಗಂಡನ ದ್ರೋಹ, ಸೆರೆಮನೆ, ವೀರಮರಣ. ಭಾಷೆ ಸೊಗಸಾಗಿಯೇ ಇತ್ತು. ಮೂರು ಅಂಕಗಳವರೆಗೆ ಒತ್ತಕ್ಷರಗಳನ್ನು ಸರಿಪಡಿಸುತ್ತ ಬಂದೆನು. ನಾಲ್ಕನೆಯದರ ಬಾಗಿಲಲ್ಲಿ ನನ್ನ ಲೇಖನಿಯು ನಿಂತುಹೋಯಿತು.

ಏಕೆಂದರೆ ಆ ಯಾತ್ರಿಕನು ಪಿಯೆತ್ರೊ ದೆಲ್ಲಾ ವಾಲ್ಲೆ. ಆತನು ತುಳುನಾಡಿಗೆ ಬಂದುದು 1623ರಲ್ಲಿ. ಮೂರನೆಯ ಅಂಕಕ್ಕೂ ನಾಲ್ಕನೆಯ ಅಂಕಕ್ಕೂ ನಡುವೆ ಐವತ್ತೈದು ಸಂವತ್ಸರಗಳು ಉರುಳಿರುತ್ತವೆ. ಯುದ್ಧಕಾಲದಲ್ಲಿ ರಾಣಿಗೆ ಮೂವತ್ತು ವಯಸ್ಸೆಂದರೂ ಯಾತ್ರಿಕನ ಎದುರಿಗೆ ನಿಂತವಳು ಎಂಬತ್ತೈದರ ಮುದುಕಿಯಾಗಬೇಕು. ಆತನಾದರೋ ತಾನು ಕಂಡ ರಾಣಿಗೆ ನಲವತ್ತರ ಸುಮಾರು ವಯಸ್ಸಿದ್ದಿತೆಂದು ಊಹಿಸಿ ಬರೆದಿದ್ದಾನೆ. ಆ ಲೆಕ್ಕದಂತೆ ಆಕೆಯು ಹುಟ್ಟಿದುದು 1583ರ ಆಸುಪಾಸಿನಲ್ಲಿ. ಮಂಗಳೂರಿನಲ್ಲಿ ಪೋರ್ತುಗೀಸರ ಕೋಟೆ ಎದ್ದು ಹದಿನೈದು ವರ್ಷಗಳಾದ ಬಳಿಕ.

ಈ ತಪ್ಪು ಮಕ್ಕಳದಲ್ಲ. ನಾನೇ ಮೂವತ್ತು ವರ್ಷಗಳ ಹಿಂದೆ ಒಂದು ಮೊಫಸಿಲ್ ಊರಿನಲ್ಲಿ ಉಪಾಧ್ಯಾಯನಾಗಿದ್ದಾಗ ಇಂತಹುದೇ ನಾಟಕವನ್ನು ಬರೆದು ಆಡಿಸಿದ್ದೆನು. ಬಾಣದ ತುದಿಗೆ ಬಟ್ಟೆ ಸುತ್ತಿ, ಕರ್ಪೂರವಿಟ್ಟು, ತಗಡಿನ ಹಡಗಿಗೆ ಗುರಿಯಿಡಿಸಿದಾಗ ಬಿದ್ದ ಚಪ್ಪಾಳೆಯು ಈಗಲೂ ಕಿವಿಯಲ್ಲಿದೆ. ಅಂದು ಯಾರೂ ವರ್ಷಗಳನ್ನು ಕೂಡಿ ಕಳೆಯಲಿಲ್ಲ. ಗಣಿತದ ಉಪಾಧ್ಯಾಯರೂ ಸಭೆಯಲ್ಲಿದ್ದರು. ಆದ್ದರಿಂದ ಈ ವಿಮರ್ಶೆಯನ್ನು ಮೊದಲು ನನ್ನ ಮೇಲೆಯೇ ಮಾಡಿಕೊಳ್ಳುವುದು ನ್ಯಾಯ.

ಇರಲಿ. ಪಾಠಶಾಲೆಯಲ್ಲಿ ನಾವು ಕಲಿತ ಮೀಮಾಂಸೆಯಲ್ಲಿ ಅರ್ಥವಾದವೆಂಬ ಮಾತುಂಟು. ಮಾಡಬೇಕಾದ ಕರ್ಮದಲ್ಲಿ ಮನಸ್ಸು ನೆಲೆಸಲೆಂದು ಹೇಳುವ ಸ್ತುತಿಯೇ ಅರ್ಥವಾದ. ಅದನ್ನು ಪೂರ್ವಿಕರು ಮೂರು ಬಗೆಯಾಗಿ ವಿಂಗಡಿಸಿದರು. ಬೇರೆ ಪ್ರಮಾಣಕ್ಕೆ ವಿರುದ್ಧವಾದದ್ದು ಗುಣವಾದ. ಅದನ್ನು ಅಕ್ಷರಶಃ ತೆಗೆದುಕೊಳ್ಳಲಾಗದು. ಬೇರೆ ಪ್ರಮಾಣದಿಂದ ಆಗಲೇ ತಿಳಿದಿರುವುದನ್ನೇ ಹೇಳುವುದು ಅನುವಾದ. ಬೇರೆ ಪ್ರಮಾಣದ ವಿರೋಧವೂ ಇಲ್ಲದೆ ಬೆಂಬಲವೂ ಇಲ್ಲದೆ ನಿಂತಿರುವುದು ಭೂತಾರ್ಥವಾದ. ಯಜ್ಞಶಾಲೆಗೆಂದು ಮಾಡಿದ ಈ ವಿಭಾಗವು ನಮ್ಮ ನಾಡಿನ ವೀರಕಥೆಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದು ಆ ಸಂಜೆ ನನಗೆ ಹೊಳೆಯಿತು. ಅಬ್ಬಕ್ಕನ ಕಥೆಯನ್ನು ಈ ಮೂರು ಜರಡಿಗಳಲ್ಲಿ ಹಾಯಿಸಿ ನೋಡುವುದೇ ಈ ಲೇಖನದ ಉದ್ದೇಶ.

ಸಂದೇಹಕ್ಕೆ ಎಡೆಯಿಲ್ಲದುದನ್ನು ಮೊದಲು ಹೇಳುತ್ತೇನೆ. ಉಳ್ಳಾಲವು ನೇತ್ರಾವತಿಯ ದಕ್ಷಿಣದ ದಡದಲ್ಲಿ, ನದಿಯು ಕಡಲನ್ನು ಸೇರುವೆಡೆಯಲ್ಲಿದೆ. ಅದನ್ನು ಆಳಿದವರು ಚೌಟರು, ಜೈನ ಅರಸುಮನೆತನದವರು. ಪುತ್ತಿಗೆ, ಮೂಡಬಿದಿರೆಗಳೂ ಅವರ ನೆಲೆಗಳು. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ಸ್ತ್ರೀರೂಪಗಳನ್ನೇ ಹೆಣೆದು ಆನೆಯಾಗಿಯೂ ಕುದುರೆಯಾಗಿಯೂ ಕೆತ್ತಿದ ಮರದ ಕಂಬಗಳನ್ನು ಕಂಡವರು ಮರೆಯಲಾರರು. ನದಿಯ ಆಚೆಗೆ ಬಂಗರು, ಉತ್ತರಕ್ಕೆ ಅಜಿಲರು, ಕಾರ್ಕಳದಲ್ಲಿ ಭೈರರಸರು: ಹೀಗೆ ಒಂದೊಂದು ಹೊಳೆಗೆ ಒಬ್ಬೊಬ್ಬ ಅರಸನಿದ್ದ ನಾಡು ಅದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಸರು ಈ ಕರಾವಳಿಯ ವರ್ತಕರ ಹಡಗುಗಳು ತಮ್ಮ ರಹದಾರಿಯಿಲ್ಲದೆ ಕಡಲಿಗಿಳಿಯಕೂಡದೆಂದು ಕಟ್ಟು ಮಾಡಿದರು. ಅರಸರಿಂದ ಕಪ್ಪವನ್ನು ಕೇಳಿದರು. ಉಳ್ಳಾಲದ ರಾಣಿಯು ಕೊಡಲಿಲ್ಲ. 1555ರಲ್ಲಿ ಆಲ್ವಾರೊ ದ ಸಿಲ್ವೇರನ ಕೈಕೆಳಗೆ ಒಂದು ನೌಕಾದಳವು ಆಕೆಯ ಮೇಲೆ ಬಂದಿತು. ಮುಂದೆ ವೈಸರಾಯ್ ಆಂತಾವ್ ದ ನೊರೊನ್ಯನು ತಾನೇ ಬಂದು ಉಳ್ಳಾಲವನ್ನು ಸುಟ್ಟು, 1568ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿಸಿದನು. ಪೋರ್ತುಗೀಸ್ ಬರಹಗಳಲ್ಲಿ ಈ ರಾಣಿಯ ಹೆಸರು ಬುಕದೇವಿ ಚೌಟ ಎಂಬಂತೆ ಕಾಣುತ್ತದೆ. 1570ರಲ್ಲಿ ಮಲಬಾರಿನ ಕುಟ್ಟಿ ಪೋಕರ್ ಮರಕ್ಕಾರನು ಆ ಕೋಟೆಯ ಮೇಲೆ ರಾತ್ರಿ ಬಿದ್ದು, ಹಿಂದಿರುಗುವಾಗ ಕಡಲಿನಲ್ಲಿ ಪೋರ್ತುಗೀಸರ ಕೈಯಲ್ಲಿ ಮಡಿದನು.

ಇಷ್ಟನ್ನು ನಾವು ಹಾಡಿದರೆ, ಕುಣಿದರೆ, ನಾಟಕವಾಡಿದರೆ ಅದು ಅನುವಾದವೆನಿಸುತ್ತದೆ. ಬೆಂಕಿಯ ಬಾಣದ ಕಥೆಯು ಹಾಗಲ್ಲ. ಸಮಕಾಲದ ಬರಹಗಳಲ್ಲಿ ಅದು ನನ್ನ ಓದಿಗೆ ಸಿಕ್ಕಿಲ್ಲ. ಆದರೆ ತೆಂಗಿನ ಗರಿಯನ್ನು ಸುತ್ತಿ ಉರಿ ಹಚ್ಚಿ ಎಸೆಯುವುದು ಆ ನೆಲದಲ್ಲಿ ಅಸಂಭವವೂ ಅಲ್ಲ. ಆದ್ದರಿಂದ ಅದು ಭೂತಾರ್ಥವಾದ. ನಂಬುವವರು ನಂಬಲಿ, ನಾನು ಅಡ್ಡ ಬರುವುದಿಲ್ಲ. ಆದರೆ 1555ರಲ್ಲಿ ಕಪ್ಪವನ್ನು ನಿರಾಕರಿಸಿದವಳೂ 1623ರಲ್ಲಿ ಯಾತ್ರಿಕನಿಗೆ ಎದುರಾದವಳೂ ಒಬ್ಬಳೇ ಎಂಬುದು ಶುದ್ಧ ಗುಣವಾದ. ಅಬ್ಬಕ್ಕನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಉಳ್ಳಾಲದ ಪಟ್ಟದಲ್ಲಿದ್ದರು. ಸ್ಥಳೀಯ ಐತಿಹ್ಯವೇ ತಾಯಿ ಅಬ್ಬಕ್ಕ, ಮಗಳು ಅಬ್ಬಕ್ಕ ಎಂದು ಹೇಳುತ್ತದೆ. ಅದನ್ನು ಒಂದು ಮಾಡಿದವರು ನಗರದಲ್ಲಿ ಕುಳಿತು ಬರೆದ ನಮ್ಮಂತಹವರು. ಹೀಗೆ ಒಂದು ಮಾಡುವುದರಲ್ಲಿ ಒಬ್ಬಳ ಯುದ್ಧಕ್ಕೆ ಇನ್ನೊಬ್ಬಳ ದಾಂಪತ್ಯವನ್ನು ಅಂಟಿಸಿಬಿಟ್ಟೆವೆಂದು ನನ್ನ ಅಭಿಪ್ರಾಯ. ಬಂಗರಸನೊಡನೆ ನಡೆದ ವಿರಸದ ವಿಸ್ತಾರವಾದ ವೃತ್ತಾಂತವು ನಮಗೆ ದೊರೆತಿರುವುದು ದೆಲ್ಲಾ ವಾಲ್ಲೆಯಿಂದ. ಆತನು ಅದನ್ನು ಹೇಳುವುದು ತನ್ನ ಕಾಲದ ರಾಣಿಯನ್ನು ಕುರಿತು.

ಇನ್ನು ಆ ಯಾತ್ರಿಕನ ಪತ್ರಗಳು. ಆತನು ರೋಮಿನ ಕುಲೀನ ಮನೆತನದವನು, 1586ರಲ್ಲಿ ಜನಿಸಿದವನು. 1614ರಲ್ಲಿ ವೆನಿಸಿನಿಂದ ಹೊರಟು ತುರ್ಕರ ನಾಡು, ಪಾರಸೀಕ ದೇಶಗಳನ್ನು ಸುತ್ತಿ 1623ರಲ್ಲಿ ಸೂರತ್ತಿಗೆ ಬಂದಿಳಿದನು. ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ತುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಲ್ಲಿ ಘಟ್ಟವನ್ನು ಹತ್ತಿದನು. ಕಂಡುದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರನೊಬ್ಬನಿಗೆ ಪತ್ರಗಳಾಗಿ ಬರೆದನು. ಹಿಂದೂದೇಶದ ಭಾಗದ ಹಳೆಯ ಇಂಗ್ಲಿಷ್ ಅನುವಾದವನ್ನು ಹ್ಯಾಕ್ಲುಯ್ಟ್ ಸೊಸೈಟಿಯವರು 1892ರಲ್ಲಿ ಎಡ್ವರ್ಡ್ ಗ್ರೇ ಅವರ ಟಿಪ್ಪಣಿಗಳೊಡನೆ ಎರಡು ಸಂಪುಟಗಳಲ್ಲಿ ಮುದ್ರಿಸಿದ್ದಾರೆ. ನಾನು ಓದಿರುವುದು ಅದನ್ನೇ. ಇಟಲಿಯ ಭಾಷೆ ನನಗೆ ಬಾರದು.

ಈತನ ಸಾಕ್ಷ್ಯವನ್ನು ನಾನು ಏಕೆ ನಂಬುತ್ತೇನೆಂಬುದಕ್ಕೆ ಎರಡು ನಿದರ್ಶನಗಳು. ಇದೇ ಪ್ರಯಾಣದಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಉಪಾಧ್ಯಾಯರಿಲ್ಲದೆ, ನೆಲದ ಮೇಲೆ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ನಿಂತು ನೋಡಿ ಬರೆದಿದ್ದಾನೆ. ಮರಳಿನ ಮೇಲೆ ಅಕ್ಷರ ತಿದ್ದಿದ ತಲೆಮಾರಿನವರು ಅದನ್ನು ಓದಿದರೆ ತಮ್ಮ ಬಾಲ್ಯವೇ ಎದುರಿಗೆ ಬಂದಂತಾಗುತ್ತದೆ, ಎಲ್ಲಿಯೂ ಉತ್ಪ್ರೇಕ್ಷೆಯಿಲ್ಲ. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳ ಮನೆಗೆ ಹೋಗಿ, ಆಕೆಯ ಮಾತನ್ನು ಕೇಳಿ, ಬೇಡವೆಂದು ಹೇಳಿ ನೋಡಿ, ಫಲಿಸದೆ ಖಿನ್ನನಾಗಿ ಹಿಂದಿರುಗಿದನು. ಪರದೇಶಿಯ ಹಮ್ಮು ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಕಣ್ಣೆದುರಿನ ಮನುಷ್ಯರನ್ನು ಮನುಷ್ಯರೆಂದು ಕಾಣುವ ಗುಣವೂ ಇದೆ.

ಮಂಗಳೂರಿಗೆ ಇಳಿದ ಮೇಲೆ ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಣೇಲ್ ಎಂಬ ಊರಿಗೆ ಹೋದನು. ರಾಣಿಯು ಆಗ ಅಲ್ಲಿದ್ದಳು. ಆತನು ಆಕೆಯ ಹೆಸರನ್ನು ಬಿಡಿಸಿಯೇ ಹೇಳುತ್ತಾನೆ: ಅಬ್ಬಕ್ಕ ಎಂಬುದು ಅಂಕಿತನಾಮ, ದೇವಿ ಎಂಬುದು ಗೌರವ, ಚೌಟ ಎಂಬುದು ವಂಶ. ಭೇಟಿಯು ಒಡ್ಡೋಲಗದಲ್ಲಿ ಆಗಲಿಲ್ಲ, ಬೀದಿಯಲ್ಲಿ ಆಯಿತು. ರಾಣಿಯು ಕೆಲವು ಆಳುಗಳೊಡನೆ ಕಾಲುನಡಿಗೆಯಲ್ಲಿ ಬರುತ್ತಿದ್ದಳು. ಕಾಲಿನಲ್ಲಿ ಪಾದರಕ್ಷೆಯಿಲ್ಲ. ಸೊಂಟದಿಂದ ಕೆಳಕ್ಕೆ ದಪ್ಪನೆಯ ಬಿಳಿಯ ಹತ್ತಿಯ ಬಟ್ಟೆ, ತಲೆಯಿಂದ ಹೆಗಲ ಮೇಲಕ್ಕೆ ಇಳಿಬಿಟ್ಟ ಇನ್ನೊಂದು ಬಟ್ಟೆ. ನೆರಳಿಗೆ ಓಲೆಗರಿಯ ಕೊಡೆ. ಬಣ್ಣ ಕಪ್ಪು, ಮೈ ಸ್ವಲ್ಪ ಸ್ಥೂಲ. ನೋಡಿದರೆ ಸುಕುಮಾರಿಯಾದ ರಾಣಿಯಂತಲ್ಲ, ಅಡುಗೆಮನೆಯ ಚಾಕರಿಯವಳಂತೆ ಕಂಡಳೆಂದು ಯಾತ್ರಿಕನು ಬರೆಯುತ್ತಾನೆ. ಆದರೆ ಬಾಯಿ ತೆರೆದೊಡನೆ ಆತನ ಅಭಿಪ್ರಾಯವು ಬದಲಾಯಿತು. ಮಾತಿನಲ್ಲಿಯೂ ವಿವೇಕದಲ್ಲಿಯೂ ಆಕೆಯು ರಾಣಿಯೇ ಸರಿಯೆಂದು ಒಪ್ಪಿಕೊಂಡನು.

ಆಕೆಯು ಹೋಗುತ್ತಿದ್ದುದೆಲ್ಲಿಗೆ? ಹೊಲಗಳಿಗೆ ನೀರು ಹಾಯಿಸಲೆಂದು ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡುವುದಕ್ಕೆ.

ವಾಚಕ ಮಹಾಶಯರು ಈ ವಾಕ್ಯದ ಬಳಿ ಸ್ವಲ್ಪ ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ನಮ್ಮ ನಾಟಕಕಾರರೂ ಚಿತ್ರಕಾರರೂ ಕಿರೀಟವನ್ನೂ ಜರತಾರಿಯನ್ನೂ ಎಲ್ಲಿಂದ ತಂದರು? ಯಾತ್ರಿಕನು ಎಲ್ಲಿಂದ ತನ್ನ ನಿರಾಶೆಯನ್ನು ತಂದನೋ ಅಲ್ಲಿಂದಲೇ. ರಾಣಿಯೆಂದರೆ ಹೀಗಿರಬೇಕೆಂಬ ಬೊಂಬೆಯೊಂದು ಆತನ ಮನಸ್ಸಿನಲ್ಲಿ ಇತ್ತು, ಕಣ್ಣೆದುರಿನ ಹೆಂಗಸು ಅದಕ್ಕೆ ಒಪ್ಪಲಿಲ್ಲ, ಚಾಕರಿಯವಳೆಂದನು. ನಮ್ಮ ಮನಸ್ಸಿನಲ್ಲಿಯೂ ಅದೇ ಬೊಂಬೆ ಇದೆ. ಚಾಕರಿಯವಳೆಂಬ ಮಾತು ಅವಮಾನಕರವೆಂದು ತೋರಿ, ಆ ಕಾಲುವೆಯ ದೃಶ್ಯವನ್ನೇ ಕೈಬಿಟ್ಟು, ಬೊಂಬೆಗೆ ಕಿರೀಟವನ್ನು ಇಟ್ಟೆವು. ಆತನು ಕಂಡದ್ದನ್ನಾದರೂ ಬರೆದನು, ನಾವು ಅದನ್ನು ಅಳಿಸಿದೆವು. ಎರಡರಲ್ಲಿ ಹೆಚ್ಚಿನ ಅಪರಾಧ ಯಾವುದೆಂದು ಹೇಳಲು ನನಗೆ ಸಂಕೋಚವಾಗುತ್ತದೆ.

ಅರ್ಥಶಾಸ್ತ್ರವನ್ನು ಓದಿದವನೊಬ್ಬನು ಆ ದಿನ ಅಲ್ಲಿ ಇದ್ದಿದ್ದರೆ ಚಾಕರಿಯವಳನ್ನು ಕಾಣುತ್ತಿರಲಿಲ್ಲ. ಕೌಟಿಲ್ಯನು ಸೇತುವೆಂದು ಕರೆಯುವ ನೀರಾವರಿಯ ಕಟ್ಟಡಗಳು ರಾಜ್ಯದ ಬಲಕ್ಕೆ ಮೂಲವಾದವುಗಳಲ್ಲಿ ಒಂದು. ಜನಪದವನ್ನು ನೆಲೆಗೊಳಿಸುವ ಅರಸನ ಮುಖ್ಯ ಕರ್ತವ್ಯ. ಅದರಲ್ಲಿಯೂ ಆ ಕರಾವಳಿಯಲ್ಲಿ ಅಕ್ಕಿಯೆಂದರೆ ಊಟ ಮಾತ್ರವಲ್ಲ, ರಾಜಕಾರಣ. ಗೋವೆಯಲ್ಲಿ ಕುಳಿತ ಪೋರ್ತುಗೀಸರಿಗೆ ಅನ್ನವು ಬರುತ್ತಿದ್ದುದು ಬಸರೂರು, ಮಂಗಳೂರುಗಳ ಅಕ್ಕಿಯಿಂದ. ಅವರ ಹಡಗುಗಳು ಅದನ್ನು ಮಸ್ಕತ್ತು, ಹೊರ್ಮುಜ್‌ಗಳವರೆಗೂ ಒಯ್ಯುತ್ತಿದ್ದವು. ಅವರು ಕರಾವಳಿಯ ಅರಸರಿಂದ ಕೇಳುತ್ತಿದ್ದ ಕಪ್ಪವು ಎಷ್ಟೋ ವೇಳೆ ಅಕ್ಕಿಯ ಮುಡಿಗಳ ರೂಪದಲ್ಲಿತ್ತು. ಫಿರಂಗಿಯಿದ್ದವನು ಕೋಟೆಯನ್ನು ಕಟ್ಟಬಹುದು. ಕೋಟೆಯೊಳಗಿನವನು ಉಣ್ಣಬೇಕಾದರೆ ಗದ್ದೆಯಿದ್ದವರ ಮುಖವನ್ನು ನೋಡಬೇಕು. ಕಾಲುವೆಯನ್ನು ತೋಡಿಸುವ ರಾಣಿಯು ಎರಡನೆಯ ಬೆಳೆಯನ್ನು ತೆಗೆಯುತ್ತಾಳೆ. ಆ ಬೆಳೆಯನ್ನು ಯಾರಿಗೆ ಮಾರಬೇಕು, ಯಾರಿಗೆ ಕೊಡಬಾರದು ಎಂಬುದನ್ನು ತಾನೇ ನಿರ್ಣಯಿಸುತ್ತಾಳೆ. ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆದು ಹಾರೆ ಗುದ್ದಲಿಗಳ ಸದ್ದನ್ನು ಕೇಳುತ್ತಿದ್ದವಳು ಆಳುತ್ತಿದ್ದಳು. ಆ ಹೊತ್ತಿನಲ್ಲಿ ಆಕೆಯು ಸಿಂಹಾಸನದ ಮೇಲೆ ಕುಳಿತಿದ್ದರೆ ನಾನು ಅಷ್ಟು ಗೌರವಿಸುತ್ತಿರಲಿಲ್ಲ.

ದಾರಿಯಲ್ಲಿ ನಿಂತೇ ರಾಣಿಯು ಆತನನ್ನು ದ್ವಿಭಾಷಿಯ ಮೂಲಕ ಬಹಳ ಹೊತ್ತು ಮಾತನಾಡಿಸಿದಳು. ಯಾವ ದೇಶ, ಎಲ್ಲೆಲ್ಲಿ ಸುತ್ತಿದೆ, ಏಕೆ ಸುತ್ತುತ್ತಿರುವೆ? ಪ್ರೇಮದಲ್ಲಿ ಏನಾದರೂ ನೊಂದು, ಅಥವಾ ಪ್ರಿಯರಾದವರು ಯಾರಾದರೂ ತೀರಿಕೊಂಡು, ಹೀಗೆ ಊರೂರು ತಿರುಗುತ್ತಿರುವೆಯಾ ಎಂದೂ ಕೇಳಿದಳಂತೆ. ಆತನು ತನ್ನ ಹಿಂದಿನ ದುಃಖವನ್ನು ಮುಚ್ಚಿಟ್ಟು, ಹಾಗೇನಿಲ್ಲ, ನಾನಾ ದೇಶಗಳ ಆಚಾರಗಳನ್ನು ನೋಡುವ ಕುತೂಹಲ ಮಾತ್ರವೆಂದು ಉತ್ತರವಿತ್ತನು. ನಿಜಸ್ಥಿತಿಯೇನೆಂದರೆ, ಆತನು ರೋಮನ್ನು ಬಿಟ್ಟುದೇ ಪ್ರೇಮಭಂಗದಿಂದ. ಮುಂದೆ ಬಾಗ್ದಾದಿನಲ್ಲಿ ಮಾನಿ ಎಂಬ ತರುಣಿಯನ್ನು ಮದುವೆಯಾಗಿ, 1621ರ ಕೊನೆಯಲ್ಲಿ ಪಾರಸೀಕದ ಕಡಲಕರೆಯಲ್ಲಿ ಆಕೆಯನ್ನು ಕಳೆದುಕೊಂಡು, ಆಕೆಯ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದನು. ಅರಸರೂ ಪಾದ್ರಿಗಳೂ ವರ್ತಕರೂ ಕಂಡ ಈ ವಿದ್ಯಾವಂತನ ಮುಖದಲ್ಲಿ ಇದನ್ನು ಓದಿದವಳು ಕಾಲುವೆಯ ಕೆಲಸಕ್ಕೆ ಹೊರಟಿದ್ದ ಒಬ್ಬ ಹೆಂಗಸು. ಇಂತಹ ಸನ್ನಿವೇಶವು ಕೈಯಲ್ಲಿರುವಾಗ ಕಿರೀಟದ ಕಾಂತಿಯನ್ನು ಹೊಗಳಿಸುವ ನಾಟಕಕಾರನನ್ನು ಕುರಿತು ಏನು ಹೇಳೋಣ! ನಾನೂ ಅವರಲ್ಲೊಬ್ಬನೆಂಬುದನ್ನು ಮೊದಲೇ ಹೇಳಿದ್ದೇನೆ.

ಹೀಗೆಂದು ಈ ಕಿರಿಯ ಅಬ್ಬಕ್ಕನನ್ನು ಬರೀ ಹೊಗಳಿಬಿಟ್ಟರೆ ನಾನೂ ಹೊಸ ಅರ್ಥವಾದವನ್ನು ಕಟ್ಟಿದಂತಾದೀತು. ಆಕೆಯ ರಾಜನೀತಿಯಲ್ಲಿ ತೂಗಿ ನೋಡಬೇಕಾದದ್ದೂ ಉಂಟು. ಬಂಗರಸನು ಆಕೆಯ ಗಂಡ. ಆದರೆ ಇಬ್ಬರೂ ತಂತಮ್ಮ ರಾಜ್ಯಗಳನ್ನು ತಾವೇ ಆಳುತ್ತ ಬೇರೆಯಾಗಿಯೇ ಇದ್ದರು. ಮನಸ್ಸು ಮುರಿದ ಮೇಲೆ ರಾಣಿಯು ಆತನು ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳು. ಅರಸನು ರೇಗಿ, ಆಕೆಯು ದೋಣಿಯಲ್ಲಿ ನದಿಯ ಮೇಲೆ ಹೋಗುತ್ತಿದ್ದಾಗ ಹಿಡಿಸಿ ಸೆರೆಯಲ್ಲಿಟ್ಟನು. ಆಕೆಯು ನಯವಾದ ಮಾತುಗಳಿಂದ ಒಲಿಸಿಕೊಂಡು ಬಿಡುಗಡೆ ಹೊಂದಿ, ಮನೆಯನ್ನು ಸೇರಿದೊಡನೆ ಯುದ್ಧವನ್ನು ಸಾರಿದಳು. ಪೋರ್ತುಗೀಸರು ಬಂಗನ ಪಕ್ಷವನ್ನು ವಹಿಸಿದರು. ರಾಣಿಯು ವೆಂಕಟಪ್ಪ ನಾಯಕನನ್ನು ಕರೆದಳು. ನಾಯಕನ ಸೈನ್ಯವು ಘಟ್ಟವನ್ನಿಳಿದು ಬಂಗನ ನಾಡನ್ನು ಹಿಡಿದು, ಆತನ ಕೋಟೆಯನ್ನು ಕೆಡವಿ, ನೆರವಿಗೆ ಬಂದ ಪೋರ್ತುಗೀಸರನ್ನೂ ಸೋಲಿಸಿತು. 1623ರ ರಾಯಭಾರವು ಇಕ್ಕೇರಿಗೆ ಹೋದುದು ಮುಖ್ಯವಾಗಿ ಈ ಬಂಗನ ವಿಷಯವನ್ನು ಮಾತನಾಡುವುದಕ್ಕಾಗಿಯೇ. ಒಂದು ಸಣ್ಣ ನದೀಮುಖದ ರಾಣಿಯ ಮನೆಯ ಜಗಳವು ಗೋವೆಯ ವೈಸರಾಯನಿಗೂ ಇಕ್ಕೇರಿಯ ನಾಯಕನಿಗೂ ನಡುವಣ ಸಂಧಿವಿಗ್ರಹದ ವಿಷಯವಾಯಿತೆಂದರೆ ಆಕೆಯ ಪ್ರಭಾವವು ಅಲ್ಪವಾದುದೇನಲ್ಲ.

ಆದರೆ ಘಟ್ಟವನ್ನಿಳಿದು ಬಂದ ನೆಂಟನು ಮತ್ತೆ ಘಟ್ಟವನ್ನು ಹತ್ತಿ ಹೋಗಲಿಲ್ಲ. ಬಂಗನು ಸೋತನು, ಪೋರ್ತುಗೀಸರ ಮುಖವು ಸಪ್ಪಗಾಯಿತು, ಚೌಟರ ಮಾನವು ಉಳಿಯಿತು. ತುಳುನಾಡಿನ ಅರಸುಗಳೆಲ್ಲ ಮುಂದೆ ಕ್ರಮವಾಗಿ ಕೆಳದಿಯವರ ನೆರಳಿನಲ್ಲಿ ಕುಳಿತರು. ಕಡಲಿನ ಶತ್ರುವನ್ನು ತಡೆಯಲು ಘಟ್ಟದ ಮಿತ್ರನನ್ನು ಕರೆದುದು ಆ ಹೊತ್ತಿಗೆ ಬುದ್ಧಿವಂತಿಕೆ. ನೂರು ವರ್ಷದ ಲೆಕ್ಕದಲ್ಲಿ ಬೆಲೆ ಹೆಚ್ಚಾಯಿತು. ಬೇರೆ ದಾರಿಯಿತ್ತೇ ಎಂದು ಕೇಳಿದರೆ, ಪೋರ್ತುಗೀಸರ ರಹದಾರಿಯನ್ನು ಹಿಡಿದು ಬದುಕಿದ ನೆರೆಯ ಅರಸರ ಗತಿಯನ್ನು ನೋಡಿ, ಇರಲಿಲ್ಲವೆಂದೇ ನನಗೆ ತೋರುತ್ತದೆ.

ಈ ವಿರಸದ ಕಥೆಯನ್ನು ನಮ್ಮ ನಾಟಕಗಳು ದ್ರೋಹಿಯಾದ ಗಂಡ, ನೊಂದ ಹೆಂಡತಿ ಎಂದು ಬರೆಯುವುದರಲ್ಲಿ ಇನ್ನೊಂದು ಪ್ರಮಾದವಿದೆ. ಚೌಟರದು ಅಳಿಯಕಟ್ಟು. ಭೂತಾಳಪಾಂಡ್ಯನ ಹೆಸರಿನಲ್ಲಿ ನಿಂತಿರುವ ಆ ಪದ್ಧತಿಯಂತೆ ಆಸ್ತಿಯೂ ಅಧಿಕಾರವೂ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತವೆ. ಮದುವೆಯಿಂದ ಹೆಂಡತಿಯ ರಾಜ್ಯದ ಮೇಲೆ ಗಂಡನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಒಡವೆಯನ್ನು ಹಿಂದಿರುಗಿಸಿದ ರಾಣಿಯು ಗಂಡನ ಮನೆಯನ್ನು ಬಿಟ್ಟು ಬಂದವಳಲ್ಲ. ಆಕೆಯು ತನ್ನ ಮನೆಯನ್ನು ಎಂದೂ ಬಿಟ್ಟಿರಲೇ ಇಲ್ಲ. ಬೆಂಗಳೂರಿನಲ್ಲಿ ಕುಳಿತು ಮಕ್ಕಳಕಟ್ಟಿನ ಕಣ್ಣಿನಿಂದ ಬರೆಯುವವರಿಗೆ ಈ ವ್ಯತ್ಯಾಸವು ಹೊಳೆಯುವುದಿಲ್ಲ.

ಹೋಲಿಕೆಗಾಗಿ ಯುರೋಪಿನ ಕಡೆಗೆ ಒಮ್ಮೆ ನೋಡಬಹುದು. ಇಂಗ್ಲೆಂಡಿನ ಏಳನೆಯ ಹೆನ್ರಿಯ ತಾಯಿ ಮಾರ್ಗರೆಟ್ ಬೋಫೋರ್ಟ್ (1443–1509) ಆ ದೇಶದ ಮಧ್ಯಯುಗದ ಕೊನೆಯ ಪ್ರಬಲ ಸ್ತ್ರೀಯರಲ್ಲಿ ಅಗ್ರಗಣ್ಯಳು. ಮಗನನ್ನು ಪಟ್ಟಕ್ಕೆ ತಂದವಳು, ಕೇಂಬ್ರಿಡ್ಜಿನಲ್ಲಿ ಎರಡು ಕಾಲೇಜುಗಳಿಗೆ ಮೂಲಪುರುಷಳು ಎನ್ನೋಣವೇ! ಅಂತಹವಳು ಗಂಡನಿರುವಾಗಲೇ ತನ್ನ ಆಸ್ತಿಯನ್ನು ತಾನೇ ನೋಡಿಕೊಳ್ಳಬೇಕಾದರೆ 1485ರಲ್ಲಿ ಪಾರ್ಲಿಮೆಂಟಿನ ವಿಶೇಷ ನಿರ್ಣಯವೇ ಆಗಬೇಕಾಯಿತು. ತುಳುನಾಡಿನ ಹೆಂಗಸಿಗೆ ಅದು ಹುಟ್ಟಿನಿಂದ ಬಂದ ವಾಡಿಕೆ. ಆದರೆ ಇನ್ನೊಂದು ವಿಷಯದಲ್ಲಿ ಇಂಗ್ಲೆಂಡಿನವಳೇ ಪುಣ್ಯವಂತೆ: ಆಕೆಯ ಮನೆವಾರ್ತೆಯ ಲೆಕ್ಕದ ಪುಸ್ತಕಗಳು ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇಂದಿಗೂ ಉಳಿದಿವೆ. ನಮ್ಮ ರಾಣಿಯ ಕಾಲುವೆಗೆ ಎಷ್ಟು ಆಳು, ಎಷ್ಟು ಮುಡಿ ಅಕ್ಕಿ ಕೂಲಿ ಎಂಬುದನ್ನು ಬರೆದಿಟ್ಟ ಓಲೆಯನ್ನು ಗೆದ್ದಲು ತಿಂದಿತು. ಗಣಪತಿ ರಾವ್ ಐಗಳರು 1923ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಬರೆದಾಗಲೂ, ಸಾಲೆತೊರೆಯವರು 1936ರಲ್ಲಿ ತುಳುವ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗಲೂ ಪಟ್ಟ ಶ್ರಮವೇನೆಂಬುದು ಇದರಿಂದ ತಿಳಿಯುತ್ತದೆ. ಪರದೇಶಿಯ ಒಂದು ಪತ್ರದ ಕೆಲವು ಪುಟಗಳೇ ನಮಗೆ ಪ್ರತ್ಯಕ್ಷವಾದಾಗ ಅವುಗಳನ್ನು ಕಿರೀಟದಿಂದ ಮುಚ್ಚುವುದು ಎಷ್ಟು ಹಾನಿಕರ!

ಉಳ್ಳಾಲದಲ್ಲಿ ಅಬ್ಬಕ್ಕನ ಉತ್ಸವವು ನಡೆಯುತ್ತದೆ. 2003ರಲ್ಲಿ ಆಕೆಯ ಹೆಸರಿನ ವಿಶೇಷ ಅಂಚೆ ಲಕೋಟೆ ಬಂದಿತು. 2012ರಲ್ಲಿ ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ ಆಕೆಯ ಹೆಸರನ್ನಿಟ್ಟರು. ಇವೆಲ್ಲ ಯೋಗ್ಯವಾದುವೇ. ಹಿರಿಯ ಅಬ್ಬಕ್ಕನಿಗೆ ಹಡಗು ಒಪ್ಪುತ್ತದೆ. ಕಿರಿಯವಳ ಹೆಸರನ್ನು ಎಲ್ಲಿಯಾದರೂ ಒಂದು ನೀರಿನ ಕಾಲುವೆಗೆ ಇಟ್ಟಾರೆಂದು ಕಾಯುತ್ತಿದ್ದೇನೆ.

ಹುಡುಗಿಯು ಮರುವಾರ ಬಂದಾಗ ಇವನ್ನೆಲ್ಲ ಹೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೆಂಕಿಬಾಣ ಬೇಡವೇ ತಾತ?" ಎಂದು ಕೇಳಿದಳು. ಕಣ್ಣಿನಲ್ಲಿ ನೀರು ಬರುವುದರಲ್ಲಿತ್ತು. ಆಕೆಯ ರಾಣಿಯನ್ನು ನಾನು ಕಸಿದುಕೊಂಡೆನೆಂದು ಅವಳಿಗೆ ತೋರಿತು. ನನಗೂ ಒಂದು ಕ್ಷಣ ಹಾಗೆಯೇ ತೋರಿತು. ಬಾಣವು ಇರಲಿ, ಅದು ಹಿರಿಯವಳದು, ಆದರೆ ನಾಲ್ಕನೆಯ ಅಂಕಕ್ಕೆ ಬೇರೊಬ್ಬ ಹುಡುಗಿ ಬೇಕು ಎಂದೆನು. ಅವಳು ಮನೆಗೆ ಹೋಗಿ ಪತ್ರದ ಆ ಭಾಗವನ್ನು, ನಾನು ಕನ್ನಡದಲ್ಲಿ ಬರೆದುಕೊಟ್ಟಿದ್ದುದನ್ನು, ಓದಿಕೊಂಡು ಮೂರು ದಿನಗಳ ಮೇಲೆ ಮತ್ತೆ ಬಂದಳು. ಮೂರನೆಯ ಅಂಕವನ್ನು ಗೆಳತಿಗೆ ಬಿಟ್ಟುಕೊಟ್ಟಿದ್ದಳು. ನಾಲ್ಕನೆಯದನ್ನು ತಾನೇ ಆಡುವಳಂತೆ. ಒಡ್ಡೋಲಗವನ್ನು ತೆಗೆದುಹಾಕಿ ಬೀದಿಯನ್ನು ಬರೆದಿದ್ದಳು. ಐದನೆಯ ಅಂಕವನ್ನು ಏನು ಮಾಡುವುದೆಂದು ಅವರಿನ್ನೂ ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದಾರೆ. ಸದ್ಯಕ್ಕೆ ಬೇಕಾಗಿರುವುದು ಓಲೆಗರಿಯ ಒಂದು ಕೊಡೆ. ಮಲ್ಲೇಶ್ವರದ ಅಂಗಡಿಗಳಲ್ಲಿ ಕೇಳಿದೆವು, ಸಿಕ್ಕಲಿಲ್ಲ. ಮಂಗಳೂರಿನ ಕಡೆಯ ಮಿತ್ರರೊಬ್ಬರಿಗೆ ಕಾಗದ ಬರೆದಿದ್ದೇನೆ.